ಒಂದು ತಿಂಗಳು ಮುಂದಿರಬೇಕಾದ ಕೈತೋಟ: ದಕ್ಷಿಣ ಬಯಲುಸೀಮೆಯ ಮನೆಗಳಿಗೆ ವರ್ಷದ ಲೆಕ್ಕ

ಜೂನ್‌ನಲ್ಲಿ ಮಳೆ ಹಿಡಿಯಿತೆಂದು ನರ್ಸರಿಯಿಂದ ಟೊಮೆಟೊ ಸಸಿ ತಂದು ನೆಟ್ಟರೆ ಆಗಸ್ಟ್ ಹೊತ್ತಿಗೆ ಎಲೆಯೆಲ್ಲ ಕಪ್ಪು ಮಚ್ಚೆ ಬಿದ್ದು ಸುಟ್ಟ ಹಾಗೆ ಕಾಣುತ್ತದೆ. ಅದೇ ಬೀಜವನ್ನು ಅಕ್ಟೋಬರ್‌ನಲ್ಲಿ ಬಿತ್ತಿ ನವೆಂಬರ್ ನಡುವೆ ನೆಟ್ಟರೆ ಸಂಕ್ರಾಂತಿ ಕಳೆಯುತ್ತಿದ್ದಂತೆ ಗೊಂಚಲು ಗೊಂಚಲು ಹಣ್ಣು. ಗಿಡ ಅದೇ, ಮಣ್ಣು ಅದೇ, ನೀರು ಹಾಕುವ ಕೈಯೂ ಅದೇ. ಬದಲಾದದ್ದು ತಿಂಗಳು ಮಾತ್ರ. "ನಮ್ಮ ಕೈಗುಣ ಸರಿಯಿಲ್ಲ" ಎಂದು ಕೈತೋಟ ಬಿಟ್ಟವರಲ್ಲಿ ಬಹಳ ಮಂದಿ ಸೋತದ್ದು ಕಾಲದ ಲೆಕ್ಕದಲ್ಲಿ.

ಇಲ್ಲಿರುವ ಲೆಕ್ಕ ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಮೈಸೂರು ಭಾಗದ ಹಿತ್ತಲು ಮತ್ತು ತಾರಸಿಗಳಿಗೆ. ಮಲೆನಾಡು, ಕರಾವಳಿಯ ಮಳೆಗಾಗಲಿ ರಾಯಚೂರು, ಕಲಬುರಗಿಯ ಬಿಸಿಲಿಗಾಗಲಿ ಇದು ಹೊಂದುವುದಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನ ಹಗಲು 34 ಡಿಗ್ರಿ ಸುತ್ತಮುತ್ತ, ಡಿಸೆಂಬರ್–ಜನವರಿಯ ರಾತ್ರಿ 15–16 ಡಿಗ್ರಿ. ಮೇ ತಿಂಗಳಲ್ಲಿ ಗುಡುಗು ಮಳೆ, ಜೂನ್–ಜುಲೈನಲ್ಲಿ ಗಾಳಿ ಮತ್ತು ಜಿಟಿಜಿಟಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಧೋ ಎಂದು ಸುರಿಯುವ ಮಳೆ. ಆಯಾ ಕಾಲದ ಸಿದ್ಧತೆಯನ್ನು ಅದಕ್ಕೂ ಒಂದು ತಿಂಗಳು ಮೊದಲೇ ಮುಗಿಸಿದವರಿಗೆ ಈ ಹವೆ ವರ್ಷವಿಡೀ ಏನಾದರೊಂದು ಕೊಡುತ್ತಲೇ ಇರುತ್ತದೆ.

ಮಾರ್ಚ್: ಮಣ್ಣಿನ ಕೆಲಸ

ಚಳಿಗಾಲದ ಬೆಳೆ ಮುಗಿದ ಚೀಲ, ಕುಂಡಗಳನ್ನು ಶಿವರಾತ್ರಿ ಕಳೆದ ಮೇಲೆ ಖಾಲಿ ಮಾಡಿ. ಬೇರುಗಳನ್ನು ಬಿಡಿಸಿ ನೋಡುವುದು ಮುಖ್ಯ. ಬೇರಿನಲ್ಲಿ ಗಂಟುಗಳಿದ್ದರೆ ಅದು ಜಂತುಹುಳುವಿನ (ಬೇರಿನೊಳಗೆ ಸೇರುವ, ಕಣ್ಣಿಗೆ ಕಾಣದ ನೆಮಟೋಡ್) ಬಾಧೆ. ಹುರುಳಿಕಾಯಿ, ಅವರೆಯ ಬೇರಿನಲ್ಲೂ ಗಂಟಿರುತ್ತದಲ್ಲ ಎಂದು ಗೊಂದಲವಾಗಬಹುದು. ಆ ಒಳ್ಳೆಯ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಬೆರಳಿನಿಂದ ಉಜ್ಜಿದರೆ ಉದುರುತ್ತವೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಕಿತ್ತರೂ ಬರುವುದಿಲ್ಲ.

ಹಳೆ ಮಣ್ಣನ್ನು ಬಿಸಾಡಬೇಕಿಲ್ಲ. ಒದ್ದೆ ಮಾಡಿ, ತಾರಸಿಯ ಮೇಲೆ ನಾಲ್ಕೈದು ಇಂಚು ದಪ್ಪಕ್ಕೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎಳೆದು ಅಂಚಿಗೆ ಇಟ್ಟಿಗೆ ಇಡಿ. 4ರಿಂದ 6 ವಾರ ಹಾಗೇ ಬಿಡಿ, ಬಿಸಿಲ ಕಾವಿಗೆ ಹುಳು ಕಡಿಮೆಯಾಗುತ್ತದೆ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆಯೇ ಹೊರತು ಮಣ್ಣನ್ನು ಅಷ್ಟಾಗಿ ಕಾಯಿಸುವುದಿಲ್ಲ. ಒಣ ಮಣ್ಣಿನ ಮೇಲೆ ಹೊದಿಸಿದರೂ ಕೆಲಸ ಅರ್ಧವೇ, ಒಳಗೆ ಶಾಖ ಇಳಿಯುವುದು ತೇವದಿಂದ.

12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ ಸುಮಾರು 20 ಲೀಟರ್ ಮಿಶ್ರಣ ಹಿಡಿಯುತ್ತದೆ. ಕೆಂಪು ಮಣ್ಣು 2 ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು, ಚೀಲಕ್ಕೆ 100 ಗ್ರಾಂ ಬೇವಿನ ಹಿಂಡಿ. ಕಲಸಿ, ತೇವ ಮಾಡಿ, 15 ದಿನ ನೆರಳಲ್ಲಿಟ್ಟು ಆಮೇಲೆ ಬಿತ್ತಿ. ಹಿಂಡಿ ಕಲಸಿದ ದಿನವೇ ಬಿತ್ತಿದರೆ ಅದರ ಕಾವಿಗೆ ಎಳೆ ಬೇರು ಬಾಡುತ್ತದೆ. ಕೋಕೋಪೀಟನ್ನು ನೀರಲ್ಲಿ ನೆನೆಸಿ, ಕೈಯಲ್ಲಿ ಹಿಂಡಿ, ಎರಡು ಮೂರು ಸಲ ನೀರು ಬದಲಿಸಿ, ತೆಂಗಿನ ನಾರಿನ ಉಪ್ಪಿನಂಶ ಹೋಗಬೇಕು. ಗೊಬ್ಬರದ ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದರೆ, ಸಗಣಿಯ ಘಾಟು ಬಂದರೆ ಇನ್ನೂ ಕಳಿತಿಲ್ಲ. ಅಂಥ ಗೊಬ್ಬರದ ಜೊತೆ ದಪ್ಪ ಬಿಳಿ ಗೊಬ್ಬರದ ಹುಳುಗಳೂ ಬಂದು ಬೇರು ಕಡಿಯುತ್ತವೆ.

ತಾರಸಿಯವರು ಭಾರದ ಲೆಕ್ಕ ಮರೆಯಬಾರದು. ನೀರು ಕುಡಿದ ಇಂಥ ಒಂದು ಚೀಲ 20 ಕೆ.ಜಿ.ಗೂ ಹೆಚ್ಚು ತೂಗುತ್ತದೆ, 50 ಚೀಲವೆಂದರೆ ಒಂದು ಟನ್ ದಾಟಿತು. ನಡುಮಧ್ಯೆ ಗುಡ್ಡೆ ಹಾಕದೆ ಗೋಡೆ ಮತ್ತು ತೊಲೆಗಳ ಮೇಲೆ ಸಾಲಾಗಿಡಿ. ಪ್ರತಿ ಚೀಲದ ಕೆಳಗೂ ಇಟ್ಟಿಗೆ ಬೇಕು. ನೆಲಕ್ಕೆ ಅಂಟಿ ಕೂತ ಚೀಲದ ತೂತು ಮಳೆಗಾಲದಲ್ಲಿ ಕಟ್ಟಿಕೊಂಡು ಗಿಡ ಕೊಳೆಯುತ್ತದೆ, ತಾರಸಿಯೂ ಸೋರುತ್ತದೆ.

ಏಪ್ರಿಲ್–ಮೇ: ಬಳ್ಳಿಗಳ ಕಾಲ

"ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಾರೆ. ಭರಣಿ ಹುಟ್ಟುವುದು ಏಪ್ರಿಲ್ ಕೊನೆಯ ವಾರದಲ್ಲಿ. ಹೀರೆ, ಸೋರೆ, ಹಾಗಲ, ಪಡವಲ, ಸೌತೆ ಊರಲು ಅದೇ ಹೊತ್ತು. ಬೀಜ ಊರುವ ಮೊದಲೇ ಚಪ್ಪರ ಕಟ್ಟಿರಬೇಕು. ಬಳ್ಳಿ ಒಂದಡಿ ಬೆಳೆದ ಮೇಲೆ ಗೂಟ ಹುಡುಕಲು ಹೊರಟರೆ ಕುಡಿ ಮುರಿಯುವುದು ಖಂಡಿತ.

ಬಳ್ಳಿಗೆ 12 ಇಂಚಿನ ಚೀಲ ಸಾಲದು, 18 ಇಂಚಿನದು ತೆಗೆದುಕೊಳ್ಳಿ. ಬೀಜವನ್ನು ರಾತ್ರಿ ನೆನೆಸಿಡಿ. ಹಾಗಲದ ಸಿಪ್ಪೆ ಗಟ್ಟಿ, ತುದಿಯನ್ನು ಉಗುರುಕತ್ತರಿಯಲ್ಲಿ ಸ್ವಲ್ಪವೇ ಚಿವುಟಿ ನೆನೆಸಿದರೆ ಬೇಗ ಮೊಳೆಯುತ್ತದೆ. ಒಂದು ಇಂಚು ಆಳಕ್ಕೆ ಎರಡೆರಡು ಬೀಜ. ಎರಡೂ ಹುಟ್ಟಿದರೆ ಸೊರಗಿದ್ದನ್ನು ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಸೋರೆ ಬಳ್ಳಿ ಚಪ್ಪರ ಮುಟ್ಟಿದಾಗ ತುದಿ ಚಿವುಟಿ, ಕವಲೊಡೆದ ಬಳ್ಳಿಯಲ್ಲಿ ಹೆಣ್ಣು ಹೂ ಹೆಚ್ಚು.

ಮೊದಲ ಎರಡು ವಾರ ಅರಳುವುದೆಲ್ಲ ಹೆಚ್ಚಾಗಿ ಗಂಡು ಹೂವೇ, ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂವನ್ನು ಗುರುತಿಸುವುದು ಸುಲಭ: ಹೂವಿನ ಹಿಂದೆ ಪುಟ್ಟ ಹೀರೇಕಾಯಿಯೋ ಪುಟ್ಟ ಸೋರೆಕಾಯಿಯೋ ಮೊದಲೇ ಇರುತ್ತದೆ. ಆ ಪುಟ್ಟ ಕಾಯಿ ಹಳದಿಯಾಗಿ ಕಳಚಿದರೆ ಪರಾಗ ಸೇರಿಲ್ಲ ಎಂದೇ ಹೆಚ್ಚು ಸಲ ಅರ್ಥ. ನಾಲ್ಕನೇ ಮಹಡಿಯ ತಾರಸಿಗೆ ಜೇನು ಬರುವುದು ಕಡಿಮೆ, ಆ ಕೆಲಸ ಮನುಷ್ಯನ ಕೈಯಲ್ಲಾಗಬೇಕು. ಹೊತ್ತು ತಪ್ಪಿದರೆ ಮಾತ್ರ ಫಲವಿಲ್ಲ. ಸೌತೆ, ಕುಂಬಳ, ಹಾಗಲ ಬೆಳಗ್ಗೆ ಅರಳುತ್ತವೆ, 9 ಗಂಟೆಯೊಳಗೆ ಮುಗಿಸಿ. ಹೀರೆ, ಸೋರೆ ಅರಳುವುದು ಸಂಜೆ.

ಸಂಜೆ ಆರರ ಸುಮಾರಿಗೆ ಸೋರೆ ಚಪ್ಪರದ ಕೆಳಗೆ ನಿಂತು ನೋಡಿ. ಮಡಚಿದ ಕರವಸ್ತ್ರದಂತಿದ್ದ ಬಿಳಿ ಮೊಗ್ಗು ನೋಡುತ್ತಿದ್ದಂತೆ ಸಡಿಲವಾಗಿ, ಕತ್ತಲಾಗುವಷ್ಟರಲ್ಲಿ ಅಂಗೈಯಗಲ ಬಿಚ್ಚಿಕೊಳ್ಳುತ್ತದೆ. ಆಗ ಹೊಸದಾಗಿ ಅರಳಿದ ಗಂಡು ಹೂವೊಂದನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಚಿ, ನಡುವಿನ ಕೇಸರವನ್ನು ಹೆಣ್ಣು ಹೂವಿನ ಮೂರು ಹಾಲೆಯ ಗುಬುಟಿನ ಮೇಲೆ ಸುತ್ತಲೂ ಮೃದುವಾಗಿ ಸವರಿ. ಬೆರಳಿಗೆ ಹಳದಿ ಪುಡಿ ಹತ್ತಿದರೆ ಪರಾಗ ತಾಜಾ ಇದೆ. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗಾಗುತ್ತದೆ. ಪರಾಗ ಕೂಡಿದ್ದರೆ ಮೂರ್ನಾಲ್ಕು ದಿನಕ್ಕೆ ಕಾಯಿ ಕೆಳಮುಖವಾಗಿ ಬಾಗಿ ಉಬ್ಬತೊಡಗುತ್ತದೆ. ಕೈತೋಟದ ಸುಖಗಳಲ್ಲಿ ಇದಕ್ಕಿಂತ ದೊಡ್ಡದು ಸಿಗುವುದು ಕಷ್ಟ.

ಕಾಯಿ ಹಿಡಿದ ಮೇಲಿನ ಶತ್ರು ಹಣ್ಣುನೊಣ. ಎಳೆಗಾಯಿಯ ಮೇಲೆ ಸೂಜಿ ಚುಚ್ಚಿದಷ್ಟು ಗುರುತು, ಅಲ್ಲಿಂದ ಅಂಟು ಒಸರು, ನಂತರ ಕಾಯಿ ಸೊಟ್ಟಗಾಗಿ ಒಳಗೆ ಹುಳು. ಕಾಯಿ ಹೆಬ್ಬೆರಳಿನಷ್ಟಿದ್ದಾಗಲೇ ಕಾಗದದ ಅಥವಾ ಹಳೆ ಪಂಚೆಯ ಚೀಲ ತೊಡಿಸಿ. ಮೋಹಕ ಬಲೆ (ವಾಸನೆಯಿಂದ ಗಂಡು ನೊಣವನ್ನು ಸೆಳೆದು ಹಿಡಿಯುವ ಬಲೆ) ಕೊಳ್ಳುವಾಗ ಬಳ್ಳಿ ತರಕಾರಿಯ ನೊಣಕ್ಕೆಂದು ಹೇಳಿ ಕ್ಯೂ ಲ್ಯೂರ್ ಕೇಳಿ. ಮಾವಿಗೆ ಕಟ್ಟುವ ಮೀಥೈಲ್ ಯೂಜಿನಾಲ್ ಬಲೆಗೆ ಈ ನೊಣ ಬೀಳುವುದಿಲ್ಲ. ಹುಳುಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಬಿಸಿಲಿಗಿಡಿ.

ಬಿಸಿಲಿನ ಬಗ್ಗೆ ಎರಡೇ ಮಾತು. ನೀರು ಬೆಳಗ್ಗೆ 8ರೊಳಗೆ, ಬುಡಕ್ಕೆ ಒಣ ಎಲೆಯ ಹೊದಿಕೆ 2 ಇಂಚು. ಸೊಪ್ಪು ಮತ್ತು ಸಸಿಗಳಿಗೆ 50 ಶೇಕಡಾ ನೆರಳಿನ ಬಲೆ ಬೇಕು, ಬಳ್ಳಿ ಮತ್ತು ಬೆಂಡೆಗೆ ಬೇಡ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ತಾನೇ ನೆಟ್ಟಗಾದರೆ ಅದು ನೀರಿನ ಕೊರತೆಯಲ್ಲ. ಎರಡು ಇಂಚು ಆಳಕ್ಕೆ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಜೂನ್–ಆಗಸ್ಟ್: ಗಾಳಿ, ಜಿಟಿಜಿಟಿ, ಬಸವನಹುಳು

ಮಳೆಗಾಲದಲ್ಲಿ ಇಲ್ಲಿನ ಗಿಡಗಳನ್ನು ಮೊದಲು ಮುರಿಯುವುದು ಆಷಾಢದ ಗಾಳಿ. ಬದನೆ, ಮೆಣಸಿನಕಾಯಿಗೆ ಮೇ ಕೊನೆಯಲ್ಲೇ ಗೂಟ ಕೊಟ್ಟು, ದಾರವನ್ನು 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದ ಗಿಡ ಗಾಳಿಗೆ ಕಟ್ಟಿದಲ್ಲೇ ಕತ್ತರಿಸಿಕೊಳ್ಳುತ್ತದೆ. ತಾರಸಿಯ ಪಶ್ಚಿಮ ದಿಕ್ಕಿಗೆ ನೆರಳಿನ ಬಲೆಯನ್ನೇ ಅಡ್ಡ ಕಟ್ಟಿದರೆ ಅರ್ಧ ಗಾಳಿ ತಡೆಯುತ್ತದೆ.

ಈ ಕಾಲಕ್ಕೆ ಬೆಂಡೆ, ಬದನೆ, ಹುರುಳಿಕಾಯಿ, ದಂಟು, ಬಸಳೆ. ಬೆಂಡೆಗೆ ಹಳದಿ ನರದ ರೋಗದ ಕಾಟ ಬಹಳ. ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಾಣುವ ಗಿಡವನ್ನು ಅಂದೇ ಕಿತ್ತುಹಾಕಿ, ಈ ವೈರಸ್ಸಿಗೆ ಔಷಧಿಯಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ರೂಪಿಸಿದ್ದೇ ಇದನ್ನು ತಡೆದುಕೊಳ್ಳಲೆಂದು, ಈಗ ಆ ತಡೆ ಮೊದಲಿನಷ್ಟಿಲ್ಲ. ಬಿತ್ತಿದ 45–50 ದಿನಕ್ಕೆ ಕೊಯ್ಲು ಶುರು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡ ಹೂ ಕಡಿಮೆ ಮಾಡುತ್ತದೆ.

ದಂಟಿನ ಬೀಜವನ್ನು ನಾಲ್ಕು ಪಟ್ಟು ಮರಳಿನ ಜೊತೆ ಕಲಸಿ ಚೆಲ್ಲಿ, ಬರಿ ಬೀಜ ಚೆಲ್ಲಿದರೆ ಒಂದೇ ಕಡೆ ಗುಂಪು. ಇರುವೆ ಹೊತ್ತೊಯ್ಯುವ ಜಾಗದಲ್ಲಿ ಸುತ್ತಲೂ ಒಂದು ಹಿಡಿ ರವೆ ಎರಚಿದರೆ ಅವು ರವೆ ಹೊರುವುದರಲ್ಲಿ ಇರುತ್ತವೆ, ಅಷ್ಟರಲ್ಲಿ ಬೀಜ ಮೊಳೆಯುತ್ತದೆ. 25–30 ದಿನಕ್ಕೆ ಸೊಪ್ಪು.

ಮಳೆಯ ನೀರು ಚೀಲದ ಸತ್ವವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. 15–20 ದಿನಕ್ಕೊಮ್ಮೆ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರ ಹಾಕಿ ಮೇಲ್ಮಣ್ಣು ಕೆದಕಿ. ಎಲೆ ಹಳದಿಯಾದಾಗ ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆ ಎಲೆ ಹಳದಿಯಾದರೆ ಸಾರಜನಕ ಸಾಲದು, ಗೊಬ್ಬರ ಕೊಡಿ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಬೇರಿಗೆ ನೀರು ನಿಂತು ಕಬ್ಬಿಣದ ಅಂಶ ಎಳೆದುಕೊಳ್ಳಲಾಗುತ್ತಿಲ್ಲ. ಅಲ್ಲಿ ಇನ್ನಷ್ಟು ಗೊಬ್ಬರ ಸುರಿಯುವುದು ತಪ್ಪು, ತೂತು ಬಿಡಿಸುವುದೇ ಮದ್ದು.

ಹಿತ್ತಲಿನವರಿಗೆ ದೊಡ್ಡ ಆಫ್ರಿಕನ್ ಬಸವನಹುಳುವಿನ ಹಾವಳಿ. ಒಂದೇ ರಾತ್ರಿಗೆ ಸಸಿಮಡಿ ಬೋಳು. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರ ಕೆಳಗೆ ಪರಂಗಿ ಸಿಪ್ಪೆ, ಎಲೆಕೋಸಿನ ಎಲೆ ಹಾಕಿಡಿ. ಬೆಳಕು ಹರಿಯುವ ಮುಂಚೆ ಗೋಣಿ ಎತ್ತಿ, ಸೇರಿದ ಹುಳುಗಳನ್ನು ಕೈಗವಸು ತೊಟ್ಟು ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಇವು ಮನುಷ್ಯರಿಗೆ ಹರಡುವ ಪರೋಪಜೀವಿಗಳನ್ನು ಹೊತ್ತಿರಬಹುದು. ಉಪ್ಪನ್ನು ನೆಲಕ್ಕೆ ಎರಚಿದರೆ ಹುಳುವಿನ ಜೊತೆ ಮಣ್ಣೂ ಕೆಡುತ್ತದೆ. ಅಂಗಡಿಯ ವಿಷದ ಗುಳಿಗೆ ನಾಯಿ ಬೆಕ್ಕಿರುವ ಮನೆಗೆ ಬೇಡವೇ ಬೇಡ.

ಜುಲೈ ಮೊದಲ ವಾರ ಚೆಂಡುಹೂವಿನ ಬೀಜ ಬಿತ್ತಿದರೆ ದಸರಾ, ದೀಪಾವಳಿಗೆ ಮನೆಯದೇ ಹೂ. ನಾಟಿ ಮಾಡಿದ 15–20 ದಿನಕ್ಕೆ ತುದಿ ಚಿವುಟಿ. ಆಗಸ್ಟ್‌ನಲ್ಲಿ ಅವರೆ ಊರಿ.

ಮೈಲುತುತ್ತ–ಸುಣ್ಣದ ದ್ರಾವಣ

ಮಲೆನಾಡಿನಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಈ ಬೋರ್ಡೋ ದ್ರಾವಣವೇ ಟೊಮೆಟೊ, ಆಲೂಗಡ್ಡೆಯ ಅಂಗಮಾರಿಗೂ (ಎಲೆ ಸುಟ್ಟಂತಾಗುವ ರೋಗ) ಬೇಲಿ. ರೋಗ ಬಂದ ಮೇಲೆ ಇದು ವಾಸಿ ಮಾಡುವುದಿಲ್ಲ, ಬರದಂತೆ ತಡೆಯುತ್ತದೆ. ಮೋಡ ಮುಚ್ಚಿ ಮೂರು ನಾಲ್ಕು ದಿನ ಜಿಟಿಜಿಟಿ ಹಿಡಿಯುವ ಲಕ್ಷಣ ಕಂಡ ಕೂಡಲೇ, ಎಲೆ ಒಣಗಿರುವಾಗ ಸಿಂಪಡಿಸಬೇಕು. ಒಂದು ಲೀಟರಿಗೆ:

1. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) ಕರಗಿಸಿ. ಕಬ್ಬಿಣ, ತಗಡಿನ ಪಾತ್ರೆ ಬೇಡ.
2. ಇನ್ನೊಂದರಲ್ಲಿ ಅರ್ಧ ಲೀಟರ್ ನೀರಿಗೆ 10 ಗ್ರಾಂ ಸುಟ್ಟ ಸುಣ್ಣ ಅರಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ.
3. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕೋಲಿನಲ್ಲಿ ಕಲಕಿ. ತಿಳಿ ನೀಲಿ ಬಣ್ಣ ಬರಬೇಕು.
4. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಲೇಪ ಹತ್ತದವರೆಗೆ ಸುಣ್ಣದ ತಿಳಿ ಸೇರಿಸಿ.

ಮಾಡಿದ ದಿನವೇ ಮುಗಿಸಿ. ಮೂಗಿಗೆ ಬಟ್ಟೆ, ಕೈಗೆ ಕೈಗವಸು ಇರಲಿ. ತಿನ್ನುವ ಸೊಪ್ಪಿಗೆ ಇದನ್ನು ಹೊಡೆಯಬಾರದು. ಕಾಯಿಯಿದ್ದರೆ ವಾರ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ.

ಅಕ್ಟೋಬರ್–ನವೆಂಬರ್: ಟೊಮೆಟೊ

ಸಸಿ ತಟ್ಟೆಯನ್ನು ಮಳೆ ಬೀಳದ, ಬೆಳಕು ಚೆನ್ನಾಗಿರುವ ಕಡೆ ಇಡಿ. ಟೊಮೆಟೊ 25–30 ದಿನಕ್ಕೆ, ಮೆಣಸಿನಕಾಯಿ 35–40 ದಿನಕ್ಕೆ ನಾಟಿಗೆ ಬರುತ್ತದೆ. ಹುಟ್ಟಿದ ಸಸಿ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿಬಿಟ್ಟರೆ ಅತಿ ತೇವವೇ ಕಾರಣ. ಒಂದು ಕೆ.ಜಿ. ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ) ಕಲಸಿ ತಟ್ಟೆಗೆ ಬಳಸಿ, ಬೆಳಗ್ಗೆ ಮಾತ್ರ ನೀರು ಚಿಮುಕಿಸಿ.

ನಾಟಿ ಮಾಡುವಾಗ ಕೆಳಗಿನ ಎಲೆ ತೆಗೆದು, ಕಾಂಡದ ಅರ್ಧ ಭಾಗ ಮಣ್ಣೊಳಗೆ ಹೋಗುವಂತೆ ಆಳಕ್ಕಿಡಿ. ಹೂತ ಕಾಂಡದಿಂದಲೂ ಟೊಮೆಟೊ ಬೇರು ಬಿಡುತ್ತದೆ. ಮೆಣಸು, ಬದನೆಗೆ ಇಷ್ಟು ಆಳ ಬೇಡ. ಚೀಲಕ್ಕೆ ಒಂದೇ ಗಿಡ, ಗೂಟ ಅಂದೇ. ಮೊದಲ ಹೂಗೊಂಚಲಿನ ಕೆಳಗಿನ ಕಂಕುಳ ಚಿಗುರುಗಳನ್ನೆಲ್ಲ (ಎಲೆ ಮತ್ತು ಕಾಂಡ ಸೇರುವಲ್ಲಿ ಹುಟ್ಟುವವು) ಬೆರಳಲ್ಲೇ ಮುರಿಯಿರಿ, ನೆಲಕ್ಕೆ ತಾಗುವ ಎಲೆಯನ್ನೂ ತೆಗೆಯಿರಿ. ತಳಿ ಕೇಳಿದರೆ ನಮ್ಮ ಆಯ್ಕೆ ಹೆಸರಘಟ್ಟದ ಅರ್ಕಾ ರಕ್ಷಕ್: ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಬೇಗ ಬರುವ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ.

ಹಣ್ಣಿನ ತಳ ಕಪ್ಪಾಗಿ ತೊಗಲಿನಂತೆ ಒಳಕ್ಕೆ ಕುಸಿದರೆ ಅದು ರೋಗವಲ್ಲ. ಹಣ್ಣಿಗೆ ಸುಣ್ಣದಂಶ ತಲುಪಿಲ್ಲ. ಬಹಳ ಸಲ ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಅದನ್ನು ಮೇಲಕ್ಕೆ ಒಯ್ಯುವ ನೀರು ಒಂದು ದಿನ ಹೆಚ್ಚು, ಎರಡು ದಿನ ಇಲ್ಲ ಎಂಬಂತಾಗಿರುತ್ತದೆ. ಮೊಟ್ಟೆ ಸಿಪ್ಪೆಯ ಪುಡಿ ಹಾಕಿ ಕಾಯುವುದಕ್ಕಿಂತ ದಿನವೂ ಒಂದೇ ಅಳತೆಯಲ್ಲಿ ನೀರು ಕೊಟ್ಟು, ಬುಡಕ್ಕೆ ಎಲೆ ಹೊದಿಸಿ. ಮುಂದಿನ ಗೊಂಚಲಿನಿಂದ ಸರಿಹೋಗುತ್ತದೆ.

ಬಿಳಿನೊಣಕ್ಕೆ ಹಳದಿ ಅಂಟು ಹಾಳೆಯನ್ನು ಗಿಡದ ತುದಿಯ ಎತ್ತರಕ್ಕೆ ಕಟ್ಟಿ. 5 ಮಿ.ಲೀ. ಬೇವಿನ ಎಣ್ಣೆಗೆ 2 ಮಿ.ಲೀ. ಸೋಪಿನ ದ್ರವ ಸೇರಿಸಿ ಸ್ವಲ್ಪ ಬೆಚ್ಚನೆ ನೀರಿನಲ್ಲಿ ಹಾಲಿನಂತಾಗುವವರೆಗೆ ಕುಲುಕಿ, ಆಮೇಲೆ ಒಂದು ಲೀಟರ್ ಮಾಡಿ. ಸಂಜೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮೆಣಸಿನ ಎಲೆ ಮುದುಡಿದಾಗ ದಿಕ್ಕು ನೋಡಿ. ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಬೇವಿನ ಎಣ್ಣೆ ಸಾಕು. ಕೆಳಮುಖವಾಗಿ ಕವುಚಿ ಎಲೆತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ, ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ. ಗಂಧಕಕ್ಕೂ ಬೇವಿನ ಎಣ್ಣೆಗೂ ನಡುವೆ ಎರಡು ವಾರ ಅಂತರವಿರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಡಿಸೆಂಬರ್–ಫೆಬ್ರವರಿ: ಸೊಗಡಿನ ದಿನಗಳು

ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಎಲ್ಲಕ್ಕೂ ಈ ಚಳಿ ಬೇಕು. ನವೆಂಬರ್‌ನಲ್ಲೇ ಬಿತ್ತಿರಬೇಕು. ಧನಿಯಾವನ್ನು ಚಪ್ಪಲಿಯಡಿ ಹಗುರಾಗಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ. ಮೊಳಕೆಗೆ 8ರಿಂದ 12 ದಿನ ಬೇಕು, ಐದನೇ ದಿನಕ್ಕೆ ಕೆದಕಬೇಡಿ. ಕ್ಯಾರೆಟ್ ನಾಟಿಗೆ ಒಗ್ಗುವುದಿಲ್ಲ, ನೇರ ಬಿತ್ತಿ ಎರಡು ಇಂಚಿಗೊಂದರಂತೆ ಉಳಿಸಿ. ಕಲ್ಲು, ಹಸಿ ಗೊಬ್ಬರ ಇದ್ದರೆ ಗೆಡ್ಡೆ ಕವಲೊಡೆಯುತ್ತದೆ.

ಇನ್ನು ಅವರೆ. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಜೂನ್‌ನಲ್ಲಿ ಊರಿದರೂ ಬಳ್ಳಿ ಬೆಳೆಯುತ್ತಲೇ ಇರುತ್ತದೆ, ಕಾಯಿ ಬರುವುದು ಚಳಿಗೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ವರ್ಷದ ಯಾವ ಕಾಲದಲ್ಲೂ ಕಾಯಿ ಕೊಡುತ್ತವೆ, ಗಿಡವೂ ಗಿಡ್ಡ, ಚೀಲಕ್ಕೆ ಅನುಕೂಲ. ಆದರೂ ಜಾಗವಿದ್ದವರು ನಾಟಿ ಅವರೆಯನ್ನೇ ಹಾಕಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಇಬ್ಬನಿ ಬಿದ್ದ ಬೆಳಗ್ಗೆ ಕಾಯಿ ಬಿಡಿಸಿದ ಬೆರಳಿಗೆ ಅಂಟಂಟಾಗಿ ಹತ್ತುವ ಆ ಸೊಗಡು ಮಧ್ಯಾಹ್ನದವರೆಗೂ ಹೋಗುವುದಿಲ್ಲ. ಹಿತಕವರೆ ಸಾರಿಗೆ ಬೇಕಾದದ್ದೇ ಅದು. ಕುಡಿಯಲ್ಲಿ ಕಪ್ಪು ಹೇನು ಮುತ್ತಿದರೆ ನೀರಿನ ಪೈಪಿನಿಂದ ಜೋರಾಗಿ ತೊಳೆದು ಬೇವಿನ ಎಣ್ಣೆ ಹೊಡೆಯಿರಿ. ಇರುವೆ ಸಾಲು ಕಂಡರೆ ಹೇನು ಎಲ್ಲೋ ಇದೆ ಎಂದೇ ತಿಳಿಯಿರಿ, ಅದರ ಸಿಹಿ ಜೊಲ್ಲಿಗಾಗಿಯೇ ಇರುವೆ ಬರುವುದು.

ಬಟಾಣಿ, ಸೌತೆ ಎಲೆಗೆ ಬೂದಿ ಎರಚಿದಂತೆ ಬಿಳಿ ಪುಡಿ ಕಂಡರೆ ಬೂದಿ ರೋಗ. ಶುರುವಿನಲ್ಲೇ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ವಾರಕ್ಕೊಮ್ಮೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಫೆಬ್ರವರಿಯಲ್ಲಿ ಬೀಜ ಎತ್ತಿಡಿ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಬೀಜದಿಂದ ಅದೇ ಗಿಡ ಬರುವುದಿಲ್ಲ, ನಾಟಿ ತಳಿಯದೇ ಇರಲಿ. ಪೂರ್ತಿ ಹಣ್ಣಾದ ಟೊಮೆಟೊದ ತಿರುಳನ್ನು ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಸೇರಿಸಿ ಎರಡು ದಿನ ಬಿಡಿ. ಮೇಲೆ ನೊರೆ ಬಂದು ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೇಲುವ ಬೀಜ ಚೆಲ್ಲಿ, ಮುಳುಗಿದ್ದನ್ನು ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡುಬಿಡುತ್ತದೆ. ಬೆಂಡೆ, ಅವರೆಯನ್ನು ಗಿಡದಲ್ಲೇ ಗಲಗಲ ಎನ್ನುವವರೆಗೆ ಒಣಗಲು ಬಿಟ್ಟು, ಬಿಡಿಸಿ, ಜರಡಿ ಹಿಡಿದ ಸೌದೆ ಒಲೆಯ ಬೂದಿಯಲ್ಲಿ ಹೊರಳಿಸಿ ಗಾಜಿನ ಸೀಸೆಗೆ ತುಂಬಿ. ಸೀಸೆಯ ಮೇಲೆ ತಳಿಯ ಹೆಸರು, ಕೊಯ್ದ ದಿನ, ಬಿತ್ತಬೇಕಾದ ತಿಂಗಳು ಮೂರನ್ನೂ ಬರೆದು ಅಂಟಿಸಿ.